ಸಾಧನ ಕಡತಗಳ ಹೆಸರನ್ನು ಓದುವ, ಆರಿಸುವ ಮತ್ತು ಸ್ಥಿರಗೊಳಿಸುವ ಬಗೆ

ಯುಎಸ್‌ಬಿ ಡ್ರೈವ್‌ಗೆ ಇಮೇಜ್ (ಇಡೀ ಡಿಸ್ಕ್‌ನ ಪ್ರತಿಯಾಗಿರುವ ಕಡತ) ಬರೆಯುವ ಆದೇಶದಲ್ಲಿ ಗುರಿಯ ಹೆಸರು ಒಂದಕ್ಷರ ತಪ್ಪಿದರೆ ಸಾಕು, ಕಂಪ್ಯೂಟರಿನ ಒಳಗಿರುವ ಡಿಸ್ಕ್ ಅಳಿಸಿಹೋಗುತ್ತದೆ. ಆದೇಶಕ್ಕೆ ಬೇಕಾದದ್ದು ಒಂದು ಕಡತದ ಹೆಸರು ಮಾತ್ರ. ಆ ಹೆಸರಿನ ಹಿಂದೆ ಯಾವ ಯಂತ್ರಭಾಗವಿದೆಯೆಂದು ಅದು ವಿಚಾರಿಸುವುದಿಲ್ಲ. ಹೀಗಾಗಿ ಸಾಧನ ಕಡತಗಳೊಡನೆ, ಅಂದರೆ ಡಿಸ್ಕ್, ಪೋರ್ಟ್ ಮೊದಲಾದವನ್ನು ಪ್ರತಿನಿಧಿಸುವ ಕಡತಗಳೊಡನೆ, ಕೆಲಸ ಮಾಡುವವರು ಯಾವುದೇ ಹೆಸರನ್ನು ಬಳಸುವ ಮೊದಲು ಅದು ಯಾವ ಪ್ರಶ್ನೆಗೆ ಉತ್ತರವಾಗಿದೆಯೆಂದು ತಿಳಿದುಕೊಂಡಿರಬೇಕು. ಕೆಲವು ಹೆಸರುಗಳು ಸಾಧನ ಎಷ್ಟನೆಯದಾಗಿ ಪತ್ತೆಯಾಯಿತು ಎಂಬುದನ್ನು ಹೇಳುತ್ತವೆ, ಕೆಲವು ಅದನ್ನು ಎಲ್ಲಿ ಜೋಡಿಸಲಾಗಿದೆ ಎಂಬುದನ್ನು, ಇನ್ನು ಕೆಲವು ಅದು ನಿರ್ದಿಷ್ಟವಾಗಿ ಯಾವ ಸಾಧನ ಎಂಬುದನ್ನು. ಇವನ್ನು ಕ್ರಮವಾಗಿ ಸರತಿಯ ಹೆಸರು, ಸ್ಥಾನದ ಹೆಸರು, ಗುರುತಿನ ಹೆಸರು ಎಂದು ಕರೆಯೋಣ. ತೊಂದರೆಗಳಲ್ಲಿ ಹೆಚ್ಚಿನವು ಸರತಿಯ ಹೆಸರನ್ನು ಗುರುತಿನ ಹೆಸರೆಂದು ನಂಬಿದ್ದರಿಂದಲೇ ಬರುತ್ತವೆ.

ಮುಂದಿನ ವಿವರಣೆ ಮುಖ್ಯವಾಗಿ ಲಿನಕ್ಸ್ ಕುರಿತದ್ದು. ಬೇರೆ ವ್ಯವಸ್ಥೆಗಳ ಮಾತು ಕೊನೆಯಲ್ಲಿ ಬರುತ್ತದೆ. ಆದೇಶಗಳನ್ನೂ ಕಡತಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ದೊಡ್ಡ ಅಕ್ಷರ ಬೇಕಾದಲ್ಲಿ ಅದನ್ನು ಹೇಳಿದೆ.

ಒಂದು ಸಾಲನ್ನು ಓದುವುದು

ಯುನಿಕ್ಸ್ 1971ರ ತನ್ನ ಮೊದಲ ಆವೃತ್ತಿಯಿಂದಲೇ ಸಾಧನಗಳನ್ನು /ಡೆವ್ ಎಂಬ ಡೈರೆಕ್ಟರಿಯಲ್ಲಿ ಕಡತಗಳಂತೆ ತೋರಿಸುತ್ತ ಬಂದಿದೆ. ಅಲ್ಲಿ 'ಎಲ್‌ಎಸ್ -ಎಲ್ /ಡೆವ್/ಎಸ್‌ಡಿಎ' ಎಂಬ ಆದೇಶ ಕೊಟ್ಟು (ಎಸ್‌ಡಿಎ ಎಂದರೆ ಮೊದಲು ಪತ್ತೆಯಾದ ಡಿಸ್ಕ್), ಬಂದ ಸಾಲನ್ನು ಎಡದಿಂದ ಓದಿ ನೋಡಿ. ಮೊದಲ ಅಕ್ಷರ 'ಬಿ' ಆಗಿದ್ದರೆ ಅದು ಬ್ಲಾಕ್ ಸಾಧನ, ಅಂದರೆ ದತ್ತಾಂಶವನ್ನು ತುಣುಕು ತುಣುಕಾಗಿ, ಯಾವ ಸ್ಥಾನದಿಂದ ಬೇಕಾದರೂ ಓದಿ ಬರೆಯಬಹುದಾದ ಡಿಸ್ಕ್‌ನಂಥದ್ದು. 'ಸಿ' ಆಗಿದ್ದರೆ ಕ್ಯಾರೆಕ್ಟರ್ ಸಾಧನ. ಟರ್ಮಿನಲ್, ಸೀರಿಯಲ್ ಪೋರ್ಟ್, ಧ್ವನಿ ಸಾಧನ ಮೊದಲಾದವು ಇದಕ್ಕೆ ಸೇರುತ್ತವೆ. ಅಲ್ಲಿ ಬರೀ ಅಡ್ಡಗೆರೆ ಕಂಡರೆ ಅದು ಸಾಮಾನ್ಯ ಕಡತ. /ಡೆವ್ ಒಳಗೆ ಸಾಮಾನ್ಯ ಕಡತ ಸಿಕ್ಕಿತೆಂದರೆ ಬಹುಮಟ್ಟಿಗೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಮಾಮೂಲಿ ಕಡತದಲ್ಲಿ ಗಾತ್ರ ಇರಬೇಕಾದ ಜಾಗದಲ್ಲಿ ಇಲ್ಲಿ ಅಲ್ಪವಿರಾಮದಿಂದ ಬೇರೆಯಾದ ಎರಡು ಸಂಖ್ಯೆಗಳಿರುತ್ತವೆ. ಎಸ್‌ಡಿಎಗೆ ಅವು 8, 0. ಮೊದಲನೆಯದು ಮೇಜರ್ ಸಂಖ್ಯೆ: ಈ ಕಡತವನ್ನು ತೆರೆದಾಗ ಯಾವ ಡ್ರೈವರ್‌ಗೆ (ಸಾಧನವನ್ನು ನಡೆಸುವ ಪ್ರೋಗ್ರಾಂಗೆ) ಕೆಲಸ ಒಪ್ಪಿಸಬೇಕೆಂದು ಕರ್ನಲ್‌ಗೆ, ಅಂದರೆ ವ್ಯವಸ್ಥೆಯ ತಿರುಳಿಗೆ, ತಿಳಿಸುತ್ತದೆ. ಎರಡನೆಯದು ಮೈನರ್ ಸಂಖ್ಯೆ: ಆ ಡ್ರೈವರ್ ನೋಡಿಕೊಳ್ಳುವ ಸಾಧನಗಳಲ್ಲಿ ಇದು ಯಾವುದೆಂದು ಡ್ರೈವರ್‌ಗೆ ತಿಳಿಸುತ್ತದೆ. ಕರ್ನಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಜೋಡಿ ಸಂಖ್ಯೆಯನ್ನೇ ಹೊರತು ಹೆಸರನ್ನಲ್ಲ. ಎಂಕೆನೋಡ್ ಆದೇಶದಿಂದ ಬೇರೊಂದು ಹೆಸರಿನಲ್ಲಿ 8, 0 ಎಂಬ ಬ್ಲಾಕ್ ಕಡತವನ್ನು ಸೃಷ್ಟಿಸಿದರೆ ಅದೂ ಅದೇ ಡಿಸ್ಕನ್ನು ತೆರೆಯುತ್ತದೆ. ಪರಕೀಯ ಡ್ರೈವ್‌ಗಳನ್ನು ಸಾಧನ ಕಡತಗಳನ್ನು ಒಪ್ಪದ 'ನೋಡೆವ್' ಆಯ್ಕೆಯೊಡನೆ ಮೌಂಟ್ ಮಾಡುವ (ಬಳಕೆಗೆ ತೆರೆಯುವ) ರೂಢಿ ಬಂದಿರುವುದು ಇದೇ ಕಾರಣಕ್ಕೆ: ಯಾರೋ ತಮ್ಮ ಪೆನ್‌ಡ್ರೈವ್‌ನಲ್ಲಿ ಅಂಥದೊಂದು ಕಡತವನ್ನು ಎಲ್ಲರಿಗೂ ಅನುಮತಿ ಕೊಟ್ಟು ಇಟ್ಟು ತಂದಿದ್ದರೆ ನಿಮ್ಮ ಡಿಸ್ಕ್ ಅವರಿಗೆ ತೆರೆದ ಬಾಗಿಲಾಗುತ್ತದೆ.

ಎಸ್‌ಡಿಎಯ ಮೊದಲ ಪಾರ್ಟಿಶನ್ (ಡಿಸ್ಕ್‌ನ ಒಂದು ವಿಭಾಗ) 8, 1. ಎರಡನೆಯ ಡಿಸ್ಕ್ ಎಸ್‌ಡಿಬಿ 8, 16. ಒಂದೊಂದು ಡಿಸ್ಕ್‌ಗೂ ಹದಿನಾರು ಮೈನರ್ ಸಂಖ್ಯೆಗಳನ್ನು ಮೀಸಲಿಟ್ಟಿದ್ದರಿಂದ ಇಡೀ ಡಿಸ್ಕ್‌ಗೆ ಒಂದು ಹೋಗಿ ಪಾರ್ಟಿಶನ್‌ಗಳಿಗೆ ಹದಿನೈದು ಉಳಿಯುತ್ತಿದ್ದವು. ಅದಕ್ಕೂ ಹೆಚ್ಚಿನ ಪಾರ್ಟಿಶನ್‌ಗಳಿಗೆ ಈಗ 259 ಎಂಬ ಬೇರೆ ಮೇಜರ್ ಸಂಖ್ಯೆಯಡಿ ಜಾಗ ಸಿಗುತ್ತದೆ. ಲಿನಕ್ಸ್ 2.6ಕ್ಕೆ ಮೊದಲು ಈ ಎರಡು ಸಂಖ್ಯೆಗಳಿಗೆ ಎಂಟೆಂಟು ಬಿಟ್‌ಗಳಷ್ಟೇ ಇದ್ದವು. ಅನಂತರ ಮೇಜರ್‌ಗೆ 12, ಮೈನರ್‌ಗೆ 20 ಬಿಟ್‌ಗಳಾದವು. ಸದ್ಯ ನಿಮ್ಮ ಯಂತ್ರದಲ್ಲಿ ಯಾವ ಮೇಜರ್ ಸಂಖ್ಯೆ ಯಾವ ಡ್ರೈವರ್‌ನದೆಂದು ನೋಡಲು /ಪ್ರೋಕ್/ಡಿವೈಸಸ್ ಕಡತವನ್ನು ಓದಿದರೆ ಸಾಕು.

ಸಾಲಿನ ಉಳಿದ ಭಾಗದಲ್ಲಿ ಒಡೆಯ ಮತ್ತು ಗುಂಪಿನ ಹೆಸರುಗಳಿರುತ್ತವೆ. ಸೀರಿಯಲ್ ಪೋರ್ಟ್ ತೆರೆಯಲು ಹೋದಾಗ ಅನುಮತಿ ಇಲ್ಲವೆಂಬ ಉತ್ತರ ಬಂದರೆ ಕಡತದ ಅನುಮತಿಯನ್ನು 666ಕ್ಕೆ, ಅಂದರೆ ಎಲ್ಲರೂ ಓದಿ ಬರೆಯುವಂತೆ, ಸಡಿಲಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಕೆಟ್ಟ ಸಲಹೆ ಮಾತ್ರವಲ್ಲ, ವ್ಯರ್ಥವೂ ಹೌದು. ಸಾಧನವನ್ನು ಕಿತ್ತು ಮತ್ತೆ ಜೋಡಿಸಿದಾಗ ಕಡತ ಹೊಸದಾಗಿ ಹುಟ್ಟುವುದರಿಂದ ಬದಲಾವಣೆ ಉಳಿಯುವುದಿಲ್ಲ. ಸಾಲಿನಲ್ಲಿ ಕಾಣುವ ಗುಂಪಿಗೆ ನಿಮ್ಮ ಬಳಕೆದಾರ ಖಾತೆಯನ್ನು ಸೇರಿಸಿ, ಲಾಗ್ಔಟ್ ಮಾಡಿ ಮತ್ತೆ ಲಾಗಿನ್ ಆಗಬೇಕು. ಡೆಬಿಯನ್ ಮತ್ತು ಅದರ ಸಂತತಿಯಲ್ಲಿ ಈ ಗುಂಪು 'ಡಯಲ್‌ಔಟ್', ಆರ್ಚ್‌ನಲ್ಲಿ 'ಯುಯುಸಿಪಿ'. ಆದರೆ 'ಡಿಸ್ಕ್' ಎಂಬ ಗುಂಪಿಗೆ ಯಾರನ್ನೂ ಹಾಗೆ ಸುಲಭವಾಗಿ ಸೇರಿಸಬಾರದು. ಅದು ಯಂತ್ರದ ಸರ್ವಾಧಿಕಾರಿಯಾದ ರೂಟ್‌ನ ಅಧಿಕಾರವನ್ನೇ ಕೈಗಿತ್ತಂತೆ.

ಕಡತಗಳು ಹುಟ್ಟುವ ಬಗೆ

ಹಿಂದೆ ಮೇಕ್‌ಡೆವ್ ಎಂಬ ಸ್ಕ್ರಿಪ್ಟ್, ಮುಂದೆಂದಾದರೂ ಬೇಕಾಗಬಹುದಾದ ಎಲ್ಲ ಸಾಧನಗಳಿಗೂ ಮೊದಲೇ ಕಡತ ಸೃಷ್ಟಿಸಿಡುತ್ತಿತ್ತು. ಕಡತ ಇದೆಯೆಂದ ಮಾತ್ರಕ್ಕೆ ಸಾಧನ ಇದೆಯೆಂದು ಹೇಳುವಂತಿರಲಿಲ್ಲ. ಲಿನಕ್ಸ್ 2.4ರಲ್ಲಿ, ಇರುವ ಸಾಧನಗಳಿಗಷ್ಟೇ ಕರ್ನಲ್ ತಾನೇ ಕಡತ ಒದಗಿಸುವ ಡೆವ್‌ಎಫ್‌ಎಸ್ ಬಂತು. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್, ಕರ್ನಲ್‌ನ ಹೊರಗಿದ್ದು ಸಾಧನ ಕಡತಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಂ ರೂಪಿಸಿದ ಮೇಲೆ ಡೆವ್‌ಎಫ್‌ಎಸ್ ಹಿಂದೆ ಸರಿದು 2006ರಲ್ಲಿ ಕರ್ನಲ್‌ನಿಂದ ಹೊರಬಿತ್ತು. ಈಗ ಕೆಲಸ ಎರಡು ಪಾಲಾಗಿದೆ. ಮೆಮೊರಿಯಲ್ಲೇ ಇರುವ ಡೆವ್‌ಟಿಎಂಪಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಕರ್ನಲ್ ಮೂಲ ಹೆಸರಿನ ಕಡತವನ್ನು ಇಡುತ್ತದೆ; ಯುಡೆವ್ ಅದರ ಗುಂಪು ಮತ್ತು ಅನುಮತಿಗಳನ್ನು ಹೊಂದಿಸಿ, ಬೇಕಾದ ಸಿಂಬಾಲಿಕ್ ಲಿಂಕ್‌ಗಳನ್ನು (ಮೂಲ ಕಡತದತ್ತ ಬೆರಳು ತೋರುವ ಬೇರೆ ಹೆಸರುಗಳನ್ನು) ಪಕ್ಕದಲ್ಲಿ ಸೇರಿಸುತ್ತದೆ. ಕರ್ನಲ್ ಕೊಡುವುದು ಬಹುಪಾಲು ಸರತಿಯ ಹೆಸರು, ಯುಡೆವ್ ಕೊಡುವ ಲಿಂಕ್‌ಗಳಲ್ಲಿ ಸ್ಥಾನ ಮತ್ತು ಗುರುತು ಇರುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಕರ್ನಲ್ ಕೊಡುವ ಹೆಸರುಗಳು

ಎಸ್‌ಡಿ ಎಂದು ಆರಂಭವಾಗುವ ಹೆಸರು ಕರ್ನಲ್‌ನಲ್ಲಿ ಸ್ಕಸಿ ಎಂಬ ಡಿಸ್ಕ್ ಆದೇಶಗಳ ಪದರದ ಮೂಲಕ ಬರುವ ಎಲ್ಲ ಡಿಸ್ಕ್‌ಗಳದು. ಸಾಟಾ ಮತ್ತು ಯುಎಸ್‌ಬಿ ಡಿಸ್ಕ್‌ಗಳೂ ಇದೇ ದಾರಿಯಲ್ಲಿ ಬರುತ್ತವೆ. ಮೂರನೆಯ ಅಕ್ಷರ ಪತ್ತೆಯಾದ ಕ್ರಮವನ್ನು ಸೂಚಿಸುತ್ತದೆ. ಎಸ್‌ಡಿಝಡ್ ಮುಗಿದ ಮೇಲೆ ಲೆಕ್ಕಹಾಳೆಯ ಕಾಲಂಗಳಂತೆ ಎಸ್‌ಡಿಎಎ ಬರುತ್ತದೆ. ಕೊನೆಯ ಅಂಕಿ ಪಾರ್ಟಿಶನ್‌ನದು. ಹಳೆಯ ಐಡಿಇ ಡಿಸ್ಕ್‌ಗಳ ಎಚ್‌ಡಿಎ, ಎಚ್‌ಡಿಬಿ, ಎಚ್‌ಡಿಸಿ ಹೆಸರುಗಳು ನೋಡಲು ಇದೇ ಥರ ಇದ್ದರೂ ಸ್ವಭಾವದಲ್ಲಿ ಬೇರೆ: ಎಚ್‌ಡಿಸಿ ಎಂದರೆ ಎರಡನೆಯ ಕೇಬಲ್‌ನ ಮಾಸ್ಟರ್ ಡ್ರೈವ್, ಅದಕ್ಕೂ ಮೊದಲಿನ ಡ್ರೈವ್‌ಗಳು ಇರಲಿ ಬಿಡಲಿ. ಅದು ಸ್ಥಾನದ ಹೆಸರಾಗಿತ್ತು. ಐಡಿಇ ಡಿಸ್ಕ್‌ಗಳೂ ಹೊಸ ಲಿಬ್‌ಎಟಿಎ ಡ್ರೈವರ್‌ಗಳ ಕೆಳಗೆ ಬಂದಾಗ, ಉದಾಹರಣೆಗೆ 2007ರ ಫೆಡೋರಾ 7ರಲ್ಲಿ, ಅವುಗಳಿಗೆ ಎಸ್‌ಡಿ ಹೆಸರು ಬಂತು. ಹೆಸರಿನ ಜೊತೆಗೆ ಅದರ ಭರವಸೆಯೂ ಬದಲಾಯಿತು. ಸಂರಚನಾ ಕಡತಗಳಲ್ಲಿ ಡಿಸ್ಕ್‌ನ ನೇರ ಹೆಸರು ಬರೆಯುವುದು ಅಪಾಯಕಾರಿ ಅಭ್ಯಾಸವಾದದ್ದು ಆ ಕಾಲದಿಂದ.

ಎನ್‌ವಿಎಂಇ0ಎನ್1ಪಿ2 ಎಂಬುದನ್ನು ಬಿಡಿಸಿ ಓದಬೇಕು: ಸೊನ್ನೆಯನೆಯ ಎನ್‌ವಿಎಂಇ (ಒಂದು ಬಗೆಯ ವೇಗದ ಎಸ್‌ಎಸ್‌ಡಿ) ಕಂಟ್ರೋಲರ್, ಅದರ ಒಂದನೆಯ ನೇಮ್‌ಸ್ಪೇಸ್ (ಡ್ರೈವ್‌ನೊಳಗಿನ ಸಂಗ್ರಹ ಪ್ರದೇಶ), ಅದರ ಎರಡನೆಯ ಪಾರ್ಟಿಶನ್. ಕಂಟ್ರೋಲರ್ ಎಣಿಕೆ ಸೊನ್ನೆಯಿಂದ, ಉಳಿದೆರಡರದು ಒಂದರಿಂದ. ಇಲ್ಲಿ 'ಪಿ' ಏಕೆ ಬಂತೆಂಬುದಕ್ಕೆ ಸರಳ ನಿಯಮವಿದೆ: ಡಿಸ್ಕ್‌ನ ಹೆಸರು ಅಂಕಿಯಲ್ಲಿ ಮುಗಿದರೆ ಪಾರ್ಟಿಶನ್ ಸಂಖ್ಯೆಯ ಮೊದಲು 'ಪಿ' ಬರುತ್ತದೆ, ಅಕ್ಷರದಲ್ಲಿ ಮುಗಿದರೆ ಬರುವುದಿಲ್ಲ. ಎಸ್‌ಡಿ ಕಾರ್ಡ್‌ನ ಎಂಎಂಸಿಬಿಎಲ್‌ಕೆ0ಪಿ1, ಲೂಪ್ ಸಾಧನದ ಲೂಪ್0ಪಿ1 ಎಲ್ಲವೂ ಇದೇ ನಿಯಮದ ಫಲ. ಡಿಸ್ಕ್ ಹೆಸರಿಗೆ ಸುಮ್ಮನೆ ಅಂಕಿ ಅಂಟಿಸುವ ಸ್ಕ್ರಿಪ್ಟ್‌ಗಳು ಎನ್‌ವಿಎಂಇ ಯಂತ್ರಗಳಲ್ಲಿ ಮುಗ್ಗರಿಸುವುದೂ ಇದರಿಂದಲೇ. ವರ್ಚುವಲ್ ಯಂತ್ರಗಳಲ್ಲಿ ವಿಡಿಎ, ಸಿಡಿ-ಡಿವಿಡಿ ಡ್ರೈವ್‌ಗೆ ಎಸ್‌ಆರ್0, ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ಸಾಫ್ಟ್‌ವೇರ್ ರೇಡ್‌ಗೆ ಎಂಡಿ0, ಡಿಸ್ಕ್ ಜಾಗವನ್ನು ಹಂಚಿಕೊಡುವ ಎಲ್‌ವಿಎಂ ಮತ್ತು ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ಗಳಿಗೆ ಡಿಎಂ-0 ಎಂಬ ಹೆಸರುಗಳು ಕಾಣಸಿಗುತ್ತವೆ.

ಕ್ಯಾರೆಕ್ಟರ್ ಸಾಧನಗಳಲ್ಲಿ ಗಮನಿಸಬೇಕಾದವು ಟಿಟಿವೈ ಕುಟುಂಬದವು. ಟಿಟಿವೈ1 ವರ್ಚುವಲ್ ಕನ್ಸೋಲ್. ದೊಡ್ಡ 'ಎಸ್' ಸೇರಿದ ಟಿಟಿವೈಎಸ್0 ಮದರ್‌ಬೋರ್ಡ್‌ನ ಸೀರಿಯಲ್ ಪೋರ್ಟ್. ಯುಎಸ್‌ಬಿ ಮತ್ತು ಎಸಿಎಂ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುವ ಟಿಟಿವೈಯುಎಸ್‌ಬಿ0, ಟಿಟಿವೈಎಸಿಎಂ0 ಯುಎಸ್‌ಬಿ ಮೂಲಕ ಬಂದ ಸೀರಿಯಲ್ ಸಾಧನಗಳು. ನೀವು ತೆರೆದ ಟರ್ಮಿನಲ್ ಕಿಟಕಿಗಳು /ಡೆವ್/ಪಿಟಿಎಸ್ ಒಳಗಿರುತ್ತವೆ. ನೆಟ್‌ವರ್ಕ್ ಕಾರ್ಡ್‌ಗೆ ಮಾತ್ರ /ಡೆವ್‌ನಲ್ಲಿ ಕಡತವೇ ಇಲ್ಲ. ಅಲ್ಲಿ ಹುಡುಕಿ ಸಮಯ ಕಳೆಯಬೇಕಾಗಿಲ್ಲ.

ಯಂತ್ರಭಾಗವೇ ಇಲ್ಲದ ಸಾಧನಗಳೂ ಉಂಟು. ಬರೆದದ್ದನ್ನೆಲ್ಲ ನುಂಗಿಬಿಡುವ ನಲ್ ಎಂಬುದು 1, 3; ಸೊನ್ನೆಗಳನ್ನೇ ಕೊಡುವ ಝೀರೋ 1, 5; ಬರೆಯಹೋದವರಿಗೆಲ್ಲ ಜಾಗ ಇಲ್ಲವೆನ್ನುವ ಫುಲ್ 1, 7. ಇವುಗಳಲ್ಲಿ ನಲ್ ಒಮ್ಮೊಮ್ಮೆ ಸಾಮಾನ್ಯ ಕಡತವಾಗಿಬಿಡುತ್ತದೆ. ರೂಟ್ ಆಗಿ ಓಡುವ ಯಾವುದೋ ಪ್ರೋಗ್ರಾಂ ತನ್ನ ಔಟ್‌ಪುಟ್ ಕಡತವೆಂದುಕೊಂಡು ಅದನ್ನು ಅಳಿಸಿ ಹೊಸದನ್ನು ಇಟ್ಟಿರುತ್ತದೆ. ಅಲ್ಲಿಂದ ಮುಂದೆ ಎಲ್ಲರೂ ಎಸೆದದ್ದೆಲ್ಲ ಅದರಲ್ಲಿ ತುಂಬುತ್ತ ಹೋಗುತ್ತದೆ, ಸಾಮಾನ್ಯ ಬಳಕೆದಾರರ ಸ್ಕ್ರಿಪ್ಟ್‌ಗಳಿಗೆ ಅನುಮತಿ ದೋಷ ಬರಲಾರಂಭಿಸುತ್ತದೆ. ಸಾಲಿನ ಮೊದಲ ಅಕ್ಷರ 'ಸಿ' ಅಲ್ಲವೆಂದು ಖಚಿತವಾದರೆ ಆ ಕಡತವನ್ನು ಅಳಿಸಿ, ರೂಟ್ ಆಗಿ 'ಎಂಕೆನೋಡ್ -ಎಂ 666 /ಡೆವ್/ನಲ್ ಸಿ 1 3' ಎಂಬ ಆದೇಶ ಕೊಟ್ಟರೆ ಸರಿಹೋಗುತ್ತದೆ.

ಬರೆಯುವ ಮೊದಲು ಸರಿಯಾದ ಡಿಸ್ಕನ್ನು ಗುರುತಿಸುವುದು

ಯುಎಸ್‌ಬಿ ಡ್ರೈವ್ ಜೋಡಿಸುವ ಮೊದಲು ಒಮ್ಮೆ, ಜೋಡಿಸಿದ ಮೇಲೆ ಇನ್ನೊಮ್ಮೆ, ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆದೇಶವನ್ನು ಓಡಿಸಿ. ಎರಡನೆಯ ಪಟ್ಟಿಯಲ್ಲಿ ಹೊಸದಾಗಿ ಬಂದದ್ದೇ ನಿಮ್ಮ ಡ್ರೈವ್. ಬರೀ ಹೆಸರನ್ನು ನಂಬದೆ '-ಒ' ಆಯ್ಕೆಗೆ ನೇಮ್, ಸೈಝ್, ಮಾಡೆಲ್, ಸೀರಿಯಲ್, ಟ್ರಾನ್, ಮೌಂಟ್‌ಪಾಯಿಂಟ್ ಎಂಬ ಕಾಲಂಗಳನ್ನು ನಡುವೆ ಜಾಗ ಬಿಡದೆ ಅಲ್ಪವಿರಾಮ ಹಾಕಿ ಕೊಡಿ. ಜೋಡಣೆಯ ಬಗೆಯನ್ನು ಹೇಳುವ ಟ್ರಾನ್ ಕಾಲಂನಲ್ಲಿ ಯುಎಸ್‌ಬಿ ಎಂದೂ, ಗಾತ್ರ ಡ್ರೈವ್ ಮೇಲೆ ಅಚ್ಚಾದದ್ದಕ್ಕೆ ಹತ್ತಿರವಾಗಿಯೂ ಇರಬೇಕು. 32 ಗಿಗಾಬೈಟ್‌ನ ಡ್ರೈವ್ ಸುಮಾರು 29 ಎಂದು ಕಾಣುವುದು ಸಹಜ, ಏಕೆಂದರೆ ತಯಾರಕರು ಸಾವಿರದ ಲೆಕ್ಕದಲ್ಲಿ, ಈ ಆದೇಶ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮೌಂಟ್ ಆಗಿರುವ ಪಾರ್ಟಿಶನ್ ಇದ್ದರೆ ಮೊದಲು ಅನ್‌ಮೌಂಟ್ ಮಾಡಿ. ಇಮೇಜನ್ನು ಬರೆಯಬೇಕಾದದ್ದು ಇಡೀ ಡಿಸ್ಕ್‌ಗೆ, ಅಂದರೆ ಎಸ್‌ಡಿಬಿಗೆ. ಎಸ್‌ಡಿಬಿ1ಕ್ಕೆ ಬರೆದರೆ ಸಾಮಾನ್ಯವಾಗಿ ಅದು ಬೂಟ್ ಆಗುವುದಿಲ್ಲ.

ಡ್ರೈವನ್ನು ಮಧ್ಯದಲ್ಲಿ ಕಿತ್ತು ಮತ್ತೆ ಹಾಕಿದ್ದರೆ ಈ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಹಳೆಯ ಎಸ್‌ಡಿಬಿಯನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದ್ದರೆ ಅದೇ ಡ್ರೈವ್ ಈಗ ಎಸ್‌ಡಿಸಿ ಆಗಿ ಬಂದಿರುತ್ತದೆ. ಶೆಲ್‌ನ ಇತಿಹಾಸದಿಂದ ಹಳೆಯ ಆದೇಶವನ್ನು ಮೇಲಿನ ಬಾಣದ ಕೀಲಿಯಿಂದ ಕರೆದು ಎಂಟರ್ ಒತ್ತುವ ಅಭ್ಯಾಸ ಇಲ್ಲಿ ಮಾರಕವಾಗುತ್ತದೆ.

ಇನ್ನೊಂದು ಬಲೆಯೂ ಇದೆ. ಇಮೇಜ್ ಬರೆಯಲು ಬಳಸುವ ಡಿಡಿ ಆದೇಶಕ್ಕೆ ಅಸ್ತಿತ್ವದಲ್ಲೇ ಇಲ್ಲದ ಸಾಧನದ ಹೆಸರು ಕೊಟ್ಟರೆ ಅದು ದೂರುವುದಿಲ್ಲ. /ಡೆವ್ ಒಳಗೆ ಆ ಹೆಸರಿನ ಸಾಮಾನ್ಯ ಕಡತವನ್ನೇ ಸೃಷ್ಟಿಸಿ ಅದಕ್ಕೆ ಬರೆಯತೊಡಗುತ್ತದೆ. ಆ ಡೈರೆಕ್ಟರಿ ಇರುವುದು ಮೆಮೊರಿಯಲ್ಲಾದ್ದರಿಂದ ನಂಬಲಾಗದಷ್ಟು ವೇಗ ಕಾಣಿಸಿ, ಬೇಗನೆ ಜಾಗ ಮುಗಿಯಿತೆಂಬ ಸಂದೇಶ ಬರುತ್ತದೆ. ಇಮೇಜ್ ಚಿಕ್ಕದಾಗಿದ್ದರೆ ಅದೂ ಬರದೆ ಕೆಲಸ ಯಶಸ್ವಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ಗ್ನೂ ಡಿಡಿಯಲ್ಲಿ 'ಕಾನ್ವ್=ನೋಕ್ರಿಯಾಟ್' ಎಂಬ ಆಯ್ಕೆ ಸೇರಿಸಿದರೆ ಇಲ್ಲದ ಕಡತವನ್ನು ಅದು ಸೃಷ್ಟಿಸುವುದಿಲ್ಲ, ದೋಷ ತೋರಿಸಿ ನಿಲ್ಲುತ್ತದೆ. ಸಾಧನಗಳಿಗೆ ಬರೆಯುವಾಗಲೆಲ್ಲ ಇದನ್ನು ಸೇರಿಸುವುದು ಒಳ್ಳೆಯದು. ಕ್ರಿಯೇಟ್ ಎಂಬುದರ ಕೊನೆಯ ಅಕ್ಷರ ಇಲ್ಲಿ ಇಲ್ಲವೆಂಬುದನ್ನು ಟೈಪ್ ಮಾಡುವಾಗ ಗಮನಿಸಿ.

ಬದಲಾಗದ ಹೆಸರನ್ನು ಬಳಸುವುದು

ಈಚಿನ ಕರ್ನಲ್‌ಗಳು ಡಿಸ್ಕ್‌ಗಳನ್ನು ಒಂದರ ಹಿಂದೊಂದಾಗಿ ಕಾಯದೆ ಏಕಕಾಲಕ್ಕೆ ಪರಿಶೀಲಿಸುವುದರಿಂದ, ಏನನ್ನೂ ಕಿತ್ತು ಹಾಕದಿದ್ದರೂ ಎಸ್‌ಡಿಎ ಮತ್ತು ಎಸ್‌ಡಿಬಿ ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಶಾಶ್ವತವಾಗಿ ಎಲ್ಲಿಯಾದರೂ ಬರೆದಿಡಬೇಕಾದ ಹೆಸರನ್ನು /ಡೆವ್/ಡಿಸ್ಕ್ ಕೆಳಗಿನ ಡೈರೆಕ್ಟರಿಗಳಿಂದ ಆರಿಸಬೇಕು. ಅವೆಲ್ಲ ಒಂದೇ ಬಗೆಯವಲ್ಲ. ಬೈ-ಯುಯುಐಡಿ (ಯುಯುಐಡಿ ಎಂದರೆ ಬೇರಾವುದಕ್ಕೂ ಇರದಿರಲೆಂದು ಕೊಡುವ ಉದ್ದನೆಯ ಗುರುತುಸಂಖ್ಯೆ) ಮತ್ತು ಬೈ-ಲೇಬಲ್ ಕಡತ ವ್ಯವಸ್ಥೆಯ ಗುರುತನ್ನು ಹೇಳುತ್ತವೆ. ಪಾರ್ಟಿಶನ್ನನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಗುರುತು ಹೊಸದಾಗುತ್ತದೆ. ಬೈ-ಪಾರ್ಟ್‌ಯುಯುಐಡಿ ಪಾರ್ಟಿಶನ್ ಪಟ್ಟಿಯಲ್ಲಿರುವ ಗುರುತು. ಫಾರ್ಮ್ಯಾಟ್ ಆದರೂ ಉಳಿಯುತ್ತದೆ. ಬೈ-ಐಡಿ ಡಿಸ್ಕ್‌ನ ಮಾದರಿ ಮತ್ತು ಕ್ರಮಸಂಖ್ಯೆಯಿಂದ ಕಟ್ಟಿದ್ದು. ಡಿಸ್ಕನ್ನು ಬೇರೆ ಪೋರ್ಟ್‌ಗೆ ಹಾಕಿದರೂ ಅದೇ. ಬೈ-ಪಾತ್ ಇದಕ್ಕೆ ತದ್ವಿರುದ್ಧ: ಅದು ಪೋರ್ಟ್‌ನ ಹೆಸರು, ಅಲ್ಲಿ ಯಾವ ಡಿಸ್ಕ್ ಇದ್ದರೂ ಸರಿ.

ಹಾಗಾಗಿ ಬೂಟ್ ವೇಳೆ ಮೌಂಟ್ ಆಗಬೇಕಾದವುಗಳ ಪಟ್ಟಿಯಾದ /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ (ದೊಡ್ಡ ಅಕ್ಷರಗಳಲ್ಲಿ), ರೇಡ್ ಅಥವಾ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಕಟ್ಟುವಾಗ ಬೈ-ಐಡಿ, ಹಲವು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಇಂಥದೇ ಖಾನೆಗೆ ಬಂದ ಡಿಸ್ಕನ್ನು ನಿರ್ವಹಿಸಬೇಕಾದಾಗ ಬೈ-ಪಾತ್ ಎಂಬುದು ನನ್ನ ಆಯ್ಕೆ. ಯುಯುಐಡಿಯನ್ನು ಬಿಎಲ್‌ಕೆಐಡಿ ಆದೇಶ ತೋರಿಸುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊರಗಿನ ಡಿಸ್ಕ್ ಸೇರಿಸಿದರೆ 'ನೋಫೇಲ್' ಆಯ್ಕೆಯನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಡಿಸ್ಕ್ ಸಿಗದ ದಿನ ಬೂಟ್ ಕೆಲಸಗಳನ್ನು ನಡೆಸುವ ಸಿಸ್ಟಂಡಿ ತನ್ನ ಮೂಲ ಸಂರಚನೆಯಂತೆ 90 ಸೆಕೆಂಡ್ ಕಾದು, ಕೊನೆಗೆ ತುರ್ತು ಶೆಲ್‌ಗೆ ಇಳಿಸುತ್ತದೆ. ಯುಯುಐಡಿ ಎಂದರೆ ಜಗತ್ತಿನಲ್ಲೇ ಒಂದೇ ಎಂಬ ನಂಬಿಕೆಗೂ ಒಂದು ಮಿತಿ ಇದೆ: ಡಿಡಿಯಿಂದ ಡಿಸ್ಕನ್ನು ಹಾಗೆಯೇ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ, ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಯಾವುದು ಮೌಂಟ್ ಆಗುತ್ತದೆಂದು ಹೇಳಲಾಗದು. ನಕಲಿನ ಯುಯುಐಡಿಯನ್ನು ಕೂಡಲೇ ಬದಲಿಸಬೇಕು. ಎಕ್ಸ್ಟ್4ಗೆ ಆ ಕೆಲಸ ಮಾಡುವುದು ಟ್ಯೂನ್2ಎಫ್‌ಎಸ್.

ಸೀರಿಯಲ್ ಸಾಧನಕ್ಕೆ ಸ್ವಂತ ಹೆಸರು

ಎರಡು ಯುಎಸ್‌ಬಿ ಸೀರಿಯಲ್ ಅಡಾಪ್ಟರ್‌ಗಳಿದ್ದರೆ ಯಾವುದು ಸೊನ್ನೆ, ಯಾವುದು ಒಂದು ಎಂಬುದು ಜೋಡಿಸಿದ ಸರತಿಗೆ ಬಿಟ್ಟದ್ದು. ಮೊದಲು /ಡೆವ್/ಸೀರಿಯಲ್/ಬೈ-ಐಡಿ ನೋಡಿ. ಅಲ್ಲಿ ಸಿದ್ಧವಾಗಿರುವ ಲಿಂಕ್ ಸಾಕಾದರೆ ಯುಡೆವ್‌ಗೆ ನಿಯಮ ಬರೆಯುವ ಗೋಜಿಲ್ಲ. ಚಿಕ್ಕ ಹೆಸರೇ ಬೇಕೆಂದಾದರೆ 'ಯುಡೆವ್‌ಎಡಿಎಂ ಇನ್ಫೋ -ಎ -ಎನ್' ಎಂಬುದರ ಮುಂದೆ ಸಾಧನದ ಹೆಸರು ಕೊಟ್ಟು ಲಕ್ಷಣಗಳ ಪಟ್ಟಿಯನ್ನು ತರಿಸಿಕೊಳ್ಳಿ. ಅದರಲ್ಲಿ ಸಾಧನ, ಅದರ ಪೋಷಕ ಸಾಧನ, ಅದರ ಮೇಲಿನ ಪೋಷಕ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕಂಡಿಕೆಗಳಿರುತ್ತವೆ. ಐಡಿವೆಂಡರ್, ಐಡಿಪ್ರಾಡಕ್ಟ್, ಸೀರಿಯಲ್ ಎಂಬ ಮೂರೂ ಒಟ್ಟಿಗಿರುವ ಕಂಡಿಕೆಯನ್ನು ಹುಡುಕಿ, ಆ ಮೂರನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ನಿಯಮದಲ್ಲಿ ಪೋಷಕಗಳ ಲಕ್ಷಣಗಳನ್ನು ಹೋಲಿಸುವ, ಬಹುವಚನದ 'ಎಟಿಟಿಆರ್‌ಎಸ್' ಷರತ್ತುಗಳೆಲ್ಲ ಒಂದೇ ಪೋಷಕಕ್ಕೆ ಹೊಂದಬೇಕಾದ್ದರಿಂದ ಎರಡು ಕಂಡಿಕೆಗಳಿಂದ ಹೆಕ್ಕಿ ಬೆರೆಸಿದ ನಿಯಮ ಎಂದಿಗೂ ಕೆಲಸ ಮಾಡುವುದಿಲ್ಲ.

ನಿಯಮವನ್ನು /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ 99ರಿಂದ ಆರಂಭಿಸಿ ಚುಕ್ಕೆ ರೂಲ್ಸ್ ಎಂದು ಮುಗಿಯುವ ಕಡತದಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ: ಸಬ್‌ಸಿಸ್ಟಂ ಟಿಟಿವೈ ಆಗಿರಬೇಕೆಂಬ ಷರತ್ತು, ಅನಂತರ ಆ ಮೂರು ಲಕ್ಷಣಗಳು, ಕೊನೆಗೆ ಸಿಮ್‌ಲಿಂಕ್. ಸಬ್‌ಸಿಸ್ಟಂ, ಎಟಿಟಿಆರ್‌ಎಸ್, ಕರ್ನಲ್ಸ್, ಸಿಮ್‌ಲಿಂಕ್ ಎಂಬ ಪದಗಳನ್ನು ದೊಡ್ಡ ಅಕ್ಷರಗಳಲ್ಲಿ, ಲಕ್ಷಣಗಳ ಹೆಸರನ್ನು ಪಟ್ಟಿಯಲ್ಲಿ ಕಂಡಂತೆಯೇ ಬರೆಯಬೇಕು. ಷರತ್ತುಗಳಿಗೆ '==', ಲಿಂಕ್‌ಗೆ '+=' ಚಿಹ್ನೆ. ಷರತ್ತಿನಲ್ಲಿ ಒಂದೇ '=' ಬರೆದರೆ ಅದು ಹೋಲಿಕೆಯಾಗಿ ಉಳಿಯುವುದಿಲ್ಲ; ನಿಯಮ ಕೆಲಸ ಮಾಡದಿರುವುದಕ್ಕೆ ನೋಡಬೇಕಾದ ಮೊದಲ ಜಾಗ ಇದು. ಸಾಧನ ಕಡತದ ಮೂಲ ಹೆಸರನ್ನೇ ಬದಲಿಸಲು ಯುಡೆವ್ ಬಿಡುವುದಿಲ್ಲವಾದ್ದರಿಂದ ಲಿಂಕ್‌ನಲ್ಲೇ ತೃಪ್ತರಾಗಬೇಕು. ಬಳಿಕ 'ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್' ಎಂದು ಕೊಟ್ಟು ಸಾಧನವನ್ನು ಕಿತ್ತು ಜೋಡಿಸಿ. ಅಡಾಪ್ಟರ್ ಅಗ್ಗದ್ದಾಗಿದ್ದು ಕ್ರಮಸಂಖ್ಯೆಯೇ ಇಲ್ಲದಿದ್ದರೆ ಒಂದೇ ಬಗೆಯ ಎರಡನ್ನು ಗುರುತಿನಿಂದ ಬೇರ್ಪಡಿಸಲು ಯಾವ ಉಪಾಯವೂ ಇಲ್ಲ. ಆಗ ಸ್ಥಾನಕ್ಕೇ ಶರಣಾಗಿ, ಕರ್ನಲ್ಸ್ ಷರತ್ತಿನಲ್ಲಿ 1-1.2ರಂಥ ಪೋರ್ಟ್ ವಿಳಾಸ ಕೊಟ್ಟು, ಪೋರ್ಟ್ ಪಕ್ಕದಲ್ಲಿ ಚೀಟಿ ಅಂಟಿಸಿ.

ಬೇರೆ ವ್ಯವಸ್ಥೆಗಳಲ್ಲಿ

ಫ್ರೀಬಿಎಸ್‌ಡಿಯಲ್ಲಿ ಹೆಸರು ಡ್ರೈವರ್‌ನಿಂದ ಬರುತ್ತದೆ: ಸಾಟಾ ಡಿಸ್ಕ್ ಎಡಿಎ0, ಯುಎಸ್‌ಬಿ ಡಿಸ್ಕ್ ಡಿಎ0. ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಶನ್ ಪಟ್ಟಿಯ ಡಿಸ್ಕ್‌ನಲ್ಲಿ ಮೊದಲ ಪಾರ್ಟಿಶನ್ ಎಡಿಎ0ಪಿ1. ಹಳೆಯ ಎಂಬಿಆರ್ ಡಿಸ್ಕ್‌ನಲ್ಲಿ ಎಡಿಎ0ಎಸ್1ಎ, ಅಂದರೆ ಮೊದಲ ಸ್ಲೈಸ್‌ನ ಒಳಗಿನ 'ಎ' ಪಾರ್ಟಿಶನ್. ಅಲ್ಲಿ ಡಿಸ್ಕ್‌ಗಳೂ ಕ್ಯಾರೆಕ್ಟರ್ ಸಾಧನಗಳೇ, ಆದ್ದರಿಂದ 'ಬಿ' ಅಕ್ಷರ ಕಾಣದಿದ್ದರೆ ಗಾಬರಿ ಬೇಡ. ಸ್ಥಿರ ಹೆಸರು ಬೇಕಾದರೆ ಪಾರ್ಟಿಶನ್‌ಗೆ ಲೇಬಲ್ ಕೊಟ್ಟು /ಡೆವ್/ಜಿಪಿಟಿ ಕೆಳಗಿನ ಹೆಸರನ್ನು ಬಳಸಬೇಕು. ಓಪನ್‌ಬಿಎಸ್‌ಡಿಯಲ್ಲಿ ಎಸ್‌ಡಿ0ಸಿ ಎಂಬುದು ಮೂರನೆಯ ಪಾರ್ಟಿಶನ್ ಅಲ್ಲ, ಇಡೀ ಡಿಸ್ಕ್. ಲಿನಕ್ಸ್‌ನಿಂದ ಬಂದವರು ಇದನ್ನು ಮೊದಲು ಕಲಿಯಬೇಕು. ಸೊಲಾರಿಸ್‌ನ ಸಿ0ಟಿ0ಡಿ0ಎಸ್0 ಕಂಟ್ರೋಲರ್, ಟಾರ್ಗೆಟ್, ಡಿಸ್ಕ್, ಸ್ಲೈಸ್ ಎಂದು ವಿಳಾಸದಂತೆ ಓದಿಸಿಕೊಳ್ಳುವ ಶುದ್ಧ ಸ್ಥಾನದ ಹೆಸರು.

ಮ್ಯಾಕ್‌ಓಎಸ್‌ನಲ್ಲಿ 'ಡಿಸ್ಕ್‌ಯುಟಿಲ್ ಲಿಸ್ಟ್' ಪಟ್ಟಿ ಕೊಡುತ್ತದೆ. ಡಿಸ್ಕ್2 ಮತ್ತು ಆರ್‌ಡಿಸ್ಕ್2 ಎರಡೂ ಒಂದೇ ಡ್ರೈವ್. 'ಆರ್' ಇರುವುದು ನಡುವಿನ ಬಫರನ್ನು ದಾಟಿ ನೇರವಾಗಿ ಬರೆಯುವುದರಿಂದ ಇಮೇಜ್ ಬರೆಯಲು ಅದೇ ಬಹಳ ವೇಗ. ಅಲ್ಲಿಯ ಸೀರಿಯಲ್ ಸಾಧನಕ್ಕೂ ಟಿಟಿವೈ ಮತ್ತು ಸಿಯು ಎಂಬ ಎರಡು ಹೆಸರುಗಳಿರುತ್ತವೆ. ಟಿಟಿವೈ ಆ ಕಡೆಯ ಕ್ಯಾರಿಯರ್ ಸಂಕೇತಕ್ಕಾಗಿ ಕಾಯುತ್ತ ಕೂರಬಹುದಾದ್ದರಿಂದ ಮೈಕ್ರೊಕಂಟ್ರೋಲರ್ ಬೋರ್ಡ್‌ಗಳೊಡನೆ ಮಾತನಾಡಲು ಸಿಯು ಆರಿಸಿ.

ವಿಂಡೋಸ್‌ನಲ್ಲಿ ಸಾಧನಗಳ ಹೆಸರುಗಳು ಕಡತ ವ್ಯವಸ್ಥೆಯಲ್ಲಿಲ್ಲ, ಕರ್ನಲ್‌ನ ಆಬ್ಜೆಕ್ಟ್ ಮ್ಯಾನೇಜರ್ ಇಟ್ಟುಕೊಳ್ಳುವ ಬೇರೊಂದು ವೃಕ್ಷದಲ್ಲಿವೆ. ಸಿ: ಎಂಬ ಡ್ರೈವ್ ಅಕ್ಷರವೂ ಅಲ್ಲಿಯ ಹಾರ್ಡ್‌ಡಿಸ್ಕ್‌ವಾಲ್ಯೂಮ್ ಎಂಬ ಸಾಧನಕ್ಕೆ ಇರುವ ಸಿಂಬಾಲಿಕ್ ಲಿಂಕ್ ಅಷ್ಟೇ. ಡಾಸ್ ಕಾಲದಿಂದ ಬಂದ ಕಾನ್, ನಲ್, ಪಿಆರ್‌ಎನ್, ಎಯುಎಕ್ಸ್, ಕಾಮ್1ರಿಂದ ಕಾಮ್9 ಮತ್ತು ಎಲ್‌ಪಿಟಿ1ರಿಂದ ಎಲ್‌ಪಿಟಿ9 ಮೀಸಲು ಹೆಸರುಗಳಾದ್ದರಿಂದ ಲಿನಕ್ಸ್‌ನಲ್ಲಿ ಸೃಷ್ಟಿಸಿದ 'ಎಯುಎಕ್ಸ್' ಎಂಬ ಡೈರೆಕ್ಟರಿ ಇರುವ ಪ್ರಾಜೆಕ್ಟ್ ಅಲ್ಲಿ ತೊಂದರೆ ಕೊಡುತ್ತದೆ. ಸೀರಿಯಲ್ ಪೋರ್ಟ್ ಸಂಖ್ಯೆ ಹತ್ತನ್ನು ಮುಟ್ಟಿದ ಕೂಡಲೇ ಹಳೆಯ ಪ್ರೋಗ್ರಾಂಗಳು ಅದನ್ನು ತೆರೆಯಲಾರದೆ ಹೋಗುತ್ತವೆ. ಆಗ ಹೆಸರಿನ ಮುಂದೆ '\\.\' ಸೇರಿಸಿ \\.\ಕಾಮ್10 ಎಂದು ಕೊಡಬೇಕು. ಸಂಖ್ಯೆ ಅಷ್ಟು ಮೇಲೇರುವುದೇಕೆಂದರೆ, ಕ್ರಮಸಂಖ್ಯೆಯಿಲ್ಲದ ಅಡಾಪ್ಟರನ್ನು ಬೇರೆ ಪೋರ್ಟ್‌ಗೆ ಹಾಕಿದಾಗಲೆಲ್ಲ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ಬಗೆದು ಹೊಸ ಸಂಖ್ಯೆ ಕೊಡುತ್ತದೆ, ಹಳೆಯದನ್ನೂ ಮೀಸಲಾಗಿಯೇ ಇಟ್ಟುಕೊಳ್ಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, ಮಸುಕಾಗಿ ಕಾಣುವ ಹಳೆಯ ಪೋರ್ಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಚಿಕ್ಕ ಸಂಖ್ಯೆಗಳು ಮತ್ತೆ ಬಿಡುವಾಗುತ್ತವೆ.